ಕಿವಿಗೆ ಚಾವಿ

ತೆಂಗಿನಕಾಯಿಯನ್ನು ಕಲ್ಲಿನ ಮೇಲೆ ಒಡೆಯಬೇಕು, ಕಂಪ್ಯೂಟರಿನ ಮೇಲಲ್ಲ. ಇದು ಗುಳೇದಗುಡ್ಡದ ಒಳಗಿವಿ ಸಹಕಾರಿ ಕೇಂದ್ರದ ಅಧ್ಯಕ್ಷ ಚನಮಲ್ಲಪ್ಪನವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವರು ನೇಕಾರರ ಮನೆತನದವರು. ಖಂಡೆ ಪೂಜೆಯ ದಿನ ಮಗ್ಗಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ನೀರನ್ನು ಮಗ್ಗದ ಮೈಮೇಲೆ ಚಿಮುಕಿಸುವುದು ಅವರ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಮಗ್ಗಕ್ಕೆ ಸಲ್ಲುವ ಮರ್ಯಾದೆ ಊರಿಗೆಲ್ಲ ಕಿವಿ ಕೊಡುವ ಪೆಟ್ಟಿಗೆಗೆ ಯಾಕೆ ಸಲ್ಲಬಾರದು? "ಬ್ಯಾಡ್ರಿ ಕಾಕಾ, ಒಳಗ ಕರೆಂಟ್ ಐತಿ!" ಎಂದು ದಾನಮ್ಮ ಓಡಿಬರುವಷ್ಟರಲ್ಲಿ ತೀರ್ಥ ಪೆಟ್ಟಿಗೆಯ ಜಾಲರಿಯೊಳಗೆ ಇಳಿದಾಗಿತ್ತು. ಒಳಗೆ ಚಟ್ ಎಂದಿತು. ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು.

"ನಾ ಏನ್ ಮಾಡ್ಲೆವಾ," ಎಂದರು ಚನಮಲ್ಲಪ್ಪ, ಕೈಯಲ್ಲಿ ಕಾಯಿಯ ಹೋಳು ಹಿಡಿದುಕೊಂಡೇ. "ಮಗ್ಗಕ್ಕ ಏನೂ ಆಗೂದಿಲ್ಲ."

ಇದು ನಮ್ಮ ಕಾಲಕ್ಕಿಂತ ಒಂದೆರಡು ತಲೆಮಾರು ಮುಂದಿನ ಮಾತು. ದಾನಮ್ಮ ಆ ಕೇಂದ್ರದ ಯಂತ್ರ ನೋಡಿಕೊಳ್ಳುವವಳು. ಅದನ್ನು ನೆಚ್ಚಿಕೊಂಡವಳೂ ಹೌದು. ಅವಳು ಚಿಕ್ಕವಳಿದ್ದಾಗ ಮಲಪ್ರಭೆಯ ದಂಡೆಯ ಊರುಗಳಲ್ಲೆಲ್ಲ ಒಂದು ಜ್ವರ ಬಂತು. ಮಕ್ಕಳ ಜೀವ ಉಳಿಯಿತು, ಕಿವಿ ಹೋಯಿತು. ಊರೊಳಗೆ ಮಗ್ಗಗಳು ಬಡಿಯುತ್ತಿದ್ದವು, ಅವು ಬಡಿಯುವುದನ್ನು ಮಕ್ಕಳು ಕಣ್ಣಿಂದ ನೋಡುತ್ತಿದ್ದವು. ಆಗ ಶಕುಂತಲಾಬಾಯಿ ಎಂಬ ಡಾಕ್ಟರಮ್ಮ ಒಳಗಿವಿ ಮಾಡಿದರು. ಕಡಲೆಕಾಳಿನಷ್ಟು ಯಂತ್ರ. ಕಿವಿಯ ಹಿಂದಿನ ಎಲುಬಿನೊಳಗೆ ಕೂತು, ಸದ್ದನ್ನು ಹಿಡಿದು ನೇರ ನರಕ್ಕೆ ದಾಟಿಸುವಂಥದ್ದು. ಕೆಟ್ಟುಹೋದ ಯಂತ್ರ ಮಿದುಳಿಗೆ ಹುಚ್ಚು ಸಂಕೇತ ಕಳಿಸಬಾರದೆಂದು ಅದಕ್ಕೊಂದು ಕಟ್ಟುಪಾಡನ್ನೂ ಇಟ್ಟಿದ್ದರು. ತಿಂಗಳಿಗೊಮ್ಮೆ ಕೇಂದ್ರದ ಪೆಟ್ಟಿಗೆ ರೇಡಿಯೋ ಅಲೆಯ ಮೇಲೆ ಆ ಕಿವಿಯನ್ನು ಮಾತಾಡಿಸಿ, ಪರೀಕ್ಷೆ ಮಾಡಿ, 'ಸರಿಯಿದ್ದೀ, ನಡೆ ಮುಂದೆ' ಎನ್ನಬೇಕು. ಜನ ಅದಕ್ಕೆ 'ಕಿವಿಗೆ ಚಾವಿ ಕೊಡಿಸೋದು' ಎಂದರು, ಹುಣ್ಣಿಮೆಯ ದಿನ ಎಂದು ಗೊತ್ತುಮಾಡಿಕೊಂಡರು. ಹುಣ್ಣಿಮೆಗೆ ಚಾವಿ ತಪ್ಪಿದರೆ ಕಿವಿ ದಿನದಿನಕ್ಕೂ ಸೊರಗುತ್ತದೆ. ಅಮಾವಾಸ್ಯೆ ದಾಟಿತೋ, ಬಿದ್ದ ಬೀಗ ಮತ್ತೆ ತೆಗೆಯುವುದಿಲ್ಲ.

ಡಾಕ್ಟರಮ್ಮ ತೀರಿಕೊಂಡ ಮೇಲೆ ಒಳಗಿವಿಯ ಹಕ್ಕನ್ನೆಲ್ಲ 'ಸುಶ್ರಾವ್ಯ' ಎಂಬ ಕಂಪನಿ ಕೊಂಡಿತು. ಹೊಸ ಕಿವಿ ತಂದಿತು. ಅದು ಪುಕ್ಕಟೆ. ಅದಕ್ಕೆ ಚಾವಿಯೂ ಬೇಡ, ಹಗಲೂ ರಾತ್ರಿ ಇಂಟರ್ನೆಟ್ಟಿಗೆ ಅಂಟಿಕೊಂಡೇ ಇರುತ್ತದೆ. ಒಂದೇ ಒಂದು ಸಣ್ಣ ಷರತ್ತು: ಆ ಕಿವಿ ಕೇಳಿದ್ದನ್ನೆಲ್ಲ ಕಂಪನಿಯೂ ಕೇಳುತ್ತದೆ, ಕೂಡಿಡುತ್ತದೆ, ಬೇಕಾದವರಿಗೆ ಮಾರುತ್ತದೆ. ಹಳೆಯ ಕಿವಿಯನ್ನು ನಿಲ್ಲಿಸಿದ್ದೇವೆ ಎಂದು ಕಂಪನಿ ಸಾರಿತು. ಹಳೆಯ ಪೆಟ್ಟಿಗೆ ಎಲ್ಲಿಯಾದರೂ ಇಂಟರ್ನೆಟ್ಟಿಗೆ ತಲೆಹಾಕಿದರೆ ಒಳಗೆ ಕೈಯಾಡಿಸಿ ಚಾವಿಯ ತಂತ್ರಾಂಶವನ್ನು ಅಳಿಸಿಹಾಕುವ ಅಧಿಕಾರವನ್ನೂ ಕಾಯಿದೆಯಲ್ಲಿ ಬರೆಸಿಕೊಂಡಿತು. ಸುತ್ತಲಿನ ಎಷ್ಟೋ ಕೇಂದ್ರಗಳ ಚಾವಿ ಹಾಗೆ ಅಳಿದುಹೋಯಿತು. ಗುಳೇದಗುಡ್ಡದವರು ಮಾತ್ರ ಪೆಟ್ಟಿಗೆಗೆ ಹೊರಗಿನ ಗಾಳಿ ಸೋಕಿಸಿರಲಿಲ್ಲ. ಆ ಹಟದಿಂದಲೇ ಊರಿನ ಕಿವಿ ಉಳಿದಿತ್ತು. ಈಗ ಕಾಯಿ ನೀರು ಬಿತ್ತು!

ದಾನಮ್ಮ ಅಳುತ್ತ ಕೂಡುವ ಪೈಕಿಯಲ್ಲ. ಪೆಟ್ಟಿಗೆ ಬಿಚ್ಚಿ ಒರೆಸಿದಳು, ಒಣಗಿಸಿದಳು. ಹೋಗಿದ್ದು ಡಿಸ್ಕು ಮಾತ್ರ. ಚಾವಿಯ ತಂತ್ರಾಂಶದ ಇನ್ನೊಂದು ಪ್ರತಿ ಕೇಂದ್ರದ ತಿಜೋರಿಯಲ್ಲಿ ಭದ್ರವಾಗಿತ್ತು. ಬೇರೆ ಡಿಸ್ಕು ಹಾಕಿ, ಬಾಗಲಕೋಟೆಯಿಂದ ಪೆನ್‌ಡ್ರೈವಿನಲ್ಲಿ ಪೆಟ್ಟಿಗೆಯನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್‌ನ ಹೊಸ ಆವೃತ್ತಿ ತಂದು ಹಾಕಿದಳು. ಪೆಟ್ಟಿಗೆ ಎದ್ದು ಕೂತಿತು. ಪರದೆ ಬೆಳಗಿತು. "ಎದ್ದಿತು ನೋಡು ಗಂಡುಗಲಿ!" ಎಂದು ಚನಮಲ್ಲಪ್ಪ ಚಪ್ಪಾಳೆ ತಟ್ಟಿದರು. ದಾನಮ್ಮ ಚಾವಿಯ ತಂತ್ರಾಂಶ ಚಾಲೂ ಮಾಡಿದಳು. ಪರದೆಯ ಮೇಲೆ ಒಂದೇ ಸಾಲು ಬಂತು: 'ಯಾವ ಜಾಲ ಸಾಧನವೂ ಕಂಡುಬಂದಿಲ್ಲ.'

ಕಿವಿಗಳೊಡನೆ ಮಾತಾಡುವ ರೇಡಿಯೋ ಕಾರ್ಡು ಪೆಟ್ಟಿಗೆಯೊಳಗೆ ಚೆನ್ನಾಗಿಯೇ ಕೂತಿತ್ತು. ಆದರೆ ಕಾರ್ಡಿನ ಭಾಷೆ ಬೇರೆ, ಪೆಟ್ಟಿಗೆಯ ಭಾಷೆ ಬೇರೆ. ನಡುವೆ ಒಬ್ಬ ದುಬಾಷಿ ಬೇಕು. ಅದಕ್ಕೇ ಡ್ರೈವರ್ ಎನ್ನುತ್ತಾರೆ. ಹಳೆಯ ಲಿನಕ್ಸ್‌ನಲ್ಲಿ ಆ ದುಬಾಷಿ ಇದ್ದ. ಹೊಸದರಲ್ಲಿ, ಕಂಪನಿಯ ಒತ್ತಾಯಕ್ಕೆ, ಕಾಲ ಮೀರಿದ ಸಾಮಾನೆಂದು ಅವನನ್ನು ಹೊರಹಾಕಿದ್ದರು. 'ಡ್ರೈವರ್ ಬೇಕಾದರೆ ಇಂಟರ್ನೆಟ್ಟಿಗೆ ಸೇರಿ' ಎಂದಿತು ಪೆಟ್ಟಿಗೆ. ಇಂಟರ್ನೆಟ್ಟಿಗೆ ಸೇರಬೇಕಾದರೆ ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಬೇರೆ ದಾರಿಯಿಂದ ಸೇರಿಸಿದರೆ ಕಂಪನಿಯ ಕೈ ಒಳಗೆ ಬಂದು ಇರುವ ಚಾವಿಯನ್ನೂ ಒರೆಸಿಹೋಗುತ್ತದೆ. ದಾನಮ್ಮ ಬೇರೆ ಕಂಪ್ಯೂಟರಿನಲ್ಲಿ ಕೂತು ಎಲ್ಲೆಲ್ಲೋ ಹುಡುಕಿದಳು. ಆ ಡ್ರೈವರಿನ ಹೆಸರು ಹೊಡೆದರೆ ಎಲ್ಲ ಕಡೆಯೂ ಒಂದೇ ಉತ್ತರ: ತೆಗೆದುಹಾಕಲಾಗಿದೆ.

ಹೀಗೆ ಸೀಗಿ ಹುಣ್ಣಿಮೆ ಬಂದೇಬಿಟ್ಟಿತು. ಕೇಂದ್ರದ ಮುಂದೆ ಜನ ಎಂದಿನಂತೆ ಸಾಲುಗಟ್ಟಿ ನಿಂತರು, ನಿಂತು ನಿಂತು ಹೊರಟುಹೋದರು. ಮರುದಿನವೇ ಸುಶ್ರಾವ್ಯದ ಪ್ರತಿನಿಧಿ ನಿಶ್ಚಲ್ ಕಾರಿನಲ್ಲಿ ಬಂದಿಳಿದ. ಒಳ್ಳೆಯ ಅಂಗಿ, ಒಳ್ಳೆಯ ನಗು, ಬೆಂಗಳೂರಿನ ಮಾತು.

"ನೋಡಿ ಮೇಡಂ, ನೀವ್ಯಾಕೆ ಇಷ್ಟು ಕಷ್ಟಪಡ್ತೀರಾ? ಎಲ್ಲರಿಗೂ ಹೊಸ ಕಿವಿ ಫ್ರೀ. ಆಪರೇಷನ್ನೂ ಫ್ರೀ. ನೀವೊಬ್ರು ಒಪ್ಪಿದ್ರೆ ಊರೇ ಒಪ್ಪುತ್ತೆ."

"ನಮ್ಮ ಕಾರ್ಡಿನ ಡ್ರೈವರ್ ಎಲ್ಲೈತ್ರಿ?" ಎಂದಳು ದಾನಮ್ಮ.

"ಅದು ಹಳೇದು ಮೇಡಂ. ಸತ್ತುಹೋಗಿದೆ."

"ಸತ್ತಿಲ್ರೀ. ನೀವು ಕೊಂದೀರಿ."

ನಿಶ್ಚಲ್ ನಗು ಕೆಡಿಸಿಕೊಳ್ಳಲಿಲ್ಲ. "ಅಮಾವಾಸ್ಯೆ ಆದ್ಮೇಲೆ ನೀವೇ ಫೋನ್ ಮಾಡ್ತೀರಾ. ಆದ್ರೆ ಆಗ ನನ್ನ ಮಾತು ನಿಮಗೆ ಕೇಳಿಸೋದಿಲ್ವಲ್ಲ," ಎಂದ. ದಾನಮ್ಮನಿಗೆ ಮೈಯೆಲ್ಲ ಉರಿಯಿತು. ಎದ್ದು ಬಾಗಿಲು ತೆರೆದು, ಹೊರಗೆ ಕೈ ತೋರಿಸಿದಳು.

ಬಾಗಿಲೇನೋ ತೋರಿಸಿದಳು, ಎದೆಯಲ್ಲಿ ಭಯ ಇರಲಿಲ್ಲವೆಂದಲ್ಲ. ಮನೆಗೆ ಬಂದು ಒಗ್ಗರಣೆಗೆ ಸಾಸಿವೆ ಹಾಕಿದಾಗ ಅದು ಸಿಡಿಯುವುದು ಕಂಡಿತು, ಕೇಳಲಿಲ್ಲ. ಸಣ್ಣ ಸದ್ದುಗಳು ಮೊದಲು ಹೋಗುತ್ತವೆ. ಬಳೆ, ಗುಬ್ಬಿ, ಹಾಲು ಉಕ್ಕುವಾಗಿನ ಸುಯ್ಯನೆ ಸದ್ದು. ಆಮೇಲೆ ಹೆಂಗಸರ ದನಿ, ಆಮೇಲೆ ಗಂಡಸರದು. ಎಲ್ಲದಕ್ಕೂ ಕೊನೆಗೆ ಮಗ್ಗದ ಬಡಿತ. ಸದ್ದಿಲ್ಲದ ಬಾಲ್ಯವನ್ನು ಅವಳು ಒಮ್ಮೆ ಬದುಕಿ ಮುಗಿಸಿದ್ದಳು. ತಾಯಿ ಹಿಂದಿನಿಂದ ಬಂದು ಮುಟ್ಟಿದರೂ ಬೆಚ್ಚಿಬೀಳುತ್ತಿದ್ದ ಆ ದಿನಗಳು ಮತ್ತೆ ಬೇಡ. ಬೇಡವೇ ಬೇಡ.

ಅತ್ತೆ ಗುರುಬಸವ್ವನಿಗೆ ಹುಟ್ಟಿದ ಕಿವಿಯೇ ಗಟ್ಟಿಯಾಗಿತ್ತು, ಬಾಯಿ ಅದಕ್ಕಿಂತ ಗಟ್ಟಿ. ರೊಟ್ಟಿ ಬಡಿಯುತ್ತ ಶುರುಮಾಡಿದಳು. "ಪುಕ್ಕಟೆ ಕಿವಿ ಕೊಡ್ತೀನಂತ ಬಾಗಲಿಗೆ ಬಂದವ್ನಿಗೆ ಬಾಗಲಾ ತೋರ್ಸಿದೆಂತಲ್ಲ? ಕೇಳಿಸ್ಕೊಂಡ್ರ ಕೇಳಿಸ್ಕೊಳ್ಳಿ. ನಮ್ಮನ್ಯಾಗ ಏನ್ ಕದ್ದ ಬಂಗಾರ ಐತೇನು?"

ಅತ್ತೆಯ ದನಿ ದಾನಮ್ಮನಿಗೆ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಅವಳು ಎದುರಿಗೆ ಬಂದು ಕೂತು, ತುಟಿ ನೋಡುತ್ತ ಕೇಳಿದಳು. "ಅತ್ತಿ, ಮುಂಜಾನಿಂದ ನನಗೆಷ್ಟು ಬೈದ್ರಿ?"

"ಬೈದೆ. ಬೈಬಾರ್ದೇನು? ಸೊಸಿ ಇದ್ದೀ."

"ಹೊಸ ಕಿವಿ ಹಾಕಿಸ್ಕೊಂಡ್ರ ಅದೆಲ್ಲಾ ಕಂಪನ್ಯಾಗ ಕುಂತವ್ರು ಕೇಳ್ತಾರ. ನಿನ್ನೆ ಮಾವನ ಬಗ್ಗೆ ಅಂದ್ರಲ್ಲ, ಅದೂ ಕೇಳ್ತಾರ. ಬರದಿಟ್ಕೊಂತಾರ."

ಗುರುಬಸವ್ವನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಅಲ್ಲೇ ನಿಂತಿತು. ಮುದುಕಿ ಒಂದು ಗಳಿಗೆ ಲೆಕ್ಕ ಹಾಕಿದಳು, ಇಷ್ಟು ವರ್ಷ ಈ ಒಲೆಯ ಮುಂದೆ ಆಡಿದ್ದೆಲ್ಲ ಕಣ್ಣ ಮುಂದೆ ಬಂದಿರಬೇಕು. "ಅಯ್ಯ, ಅವ್ನ ಹೆಣಾ ಎತ್ಲಿ!" ಎಂದು ಕಿರುಚಿದಳು. "ನನ್ನ ಸೊಸಿಗೆ ನಾ ಬೈಯೂದು ನಮ್ಮ ಮನಿ ಮಾತು. ನಡು ಕುಂತು ಕೇಳಾಕ ಅವ್ನ್ಯಾರು? ನೀ ಆ ಪೆಟಗಿ ರಿಪೇರಿ ಮಾಡವಾ ದಾನವ್ವ. ರೊಟ್ಟಿ ನಾ ಬಡೀತೀನಿ, ಭಾಂಡೆ ನಾ ತಿಕ್ತೀನಿ. ನೀ ನಡಿ!"

ದಾನಮ್ಮ ನಕ್ಕಳು. ಕಾಯಿ ನೀರು ಬಿದ್ದ ಮೇಲೆ ಅದೇ ಮೊದಲ ನಗು.

ಮರುದಿನ ಕೇಂದ್ರದಲ್ಲಿ ಕೂತು ಆ ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಾಗ ಚನಮಲ್ಲಪ್ಪ ಎಂದಿನ ಹಳೆಯ ನಗೆಚಾಟಿಕೆ ತೆಗೆದರು. ಡಾಕ್ಟರಮ್ಮನ ಕೈಯಲ್ಲಿ ಆಗ ಹಣವಿರಲಿಲ್ಲವಂತೆ. ಹಾಲಿನ ಡೇರಿಗಳಲ್ಲಿ ಕೊಬ್ಬಿನಂಶ ಅಳೆಯುವ ಮಷೀನು ಕಂಪ್ಯೂಟರಿನೊಡನೆ ಮಾತಾಡಲು ಯಾವ ಅಗ್ಗದ ರೇಡಿಯೋ ಕಾರ್ಡು ಬಳಸುತ್ತಿದ್ದರೋ ಅದನ್ನೇ ತಂದು ಈ ಪೆಟ್ಟಿಗೆಗೆ ಹಾಕಿದ್ದರು. "ಅದಕ್ಕ ನೋಡು, ನಮ್ಮೂರ ಮಂದಿಗೆ ಎಮ್ಮಿ ಒದರಿದ್ದು ಮೊದಲ ಕೇಳ್ತದ," ಎಂಬುದು ಚನಮಲ್ಲಪ್ಪ ನೂರಾರು ಸಲ ಹೇಳಿದ ಮಾತು. ಇಷ್ಟು ದಿನ ಎಲ್ಲರೂ ನಕ್ಕು ಬಿಡುತ್ತಿದ್ದರು. ಇಂದು ದಾನಮ್ಮ ಅವರ ತುಟಿಯ ಮೇಲೆ ಆ ಮಾತು ನೋಡಿದವಳೇ ಎದ್ದು ನಿಂತಳು.

"ಕಾಕಾ, ಹಳೇ ಕಂಪ್ಯೂಟರ್ ಇನ್ನೂ ಇಟ್ಕೊಂಡಿರೋ ಡೇರಿ ಯಾವುದೈತಿ?"

"ಕಲ್ಲದಿನ್ನಿ ಲಗಮಪ್ಪಂದು. ಆ ಮನುಷ್ಯಾ ಏನೂ ಬದಲಿ ಮಾಡಾಂವಲ್ಲ. ಧೋತರಾನೂ ಬದಲಿ ಮಾಡಾಂವಲ್ಲ."

ಕಲ್ಲದಿನ್ನಿಯ ಡೇರಿಯಲ್ಲಿ ಕಾರ್ಯದರ್ಶಿ ಲಗಮಪ್ಪನ ದರ್ಬಾರು. ದಾನಮ್ಮ ಅಲ್ಲಿ ಹೋಗಿ ಮುಟ್ಟಿದಾಗ ಸಂಜೆಯ ಹಾಲು ಹಾಕುವ ಹೊತ್ತು. ಹೆಂಗಸರು ಗಂಡಸರು ಕ್ಯಾನು ಹಿಡಿದು ನಿಂತಿದ್ದರು. ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದ ಕಂಪ್ಯೂಟರು, ಹಣೆಗೆ ವಿಭೂತಿ, ಬೆನ್ನಿಗೆ ಜೇಡರ ಬಲೆ. ಅವಳು ಅತ್ತ ಹೆಜ್ಜೆ ಇಟ್ಟದ್ದೇ ತಡ, ಲಗಮಪ್ಪ ಕೈ ಅಡ್ಡ ಹಾಕಿದ.

"ಹಾಲ ಹಾಕೂ ಹೊತ್ತಿನ್ಯಾಗ ಮಷೀನ್ ಮುಟ್ಟಂಗಿಲ್ಲ. ದೇವ್ರು ಬಂದ್ರೂ ಹೊರಗ ನಿಲ್ಲಬೇಕು!"

ದೇವರೇ ಹೊರಗೆ ನಿಲ್ಲುವಾಗ ದಾನಮ್ಮನ ಪಾಡೇನು? ನಿಂತಳು. ಕೊನೆಯ ಕ್ಯಾನು ಖಾಲಿಯಾಗುವವರೆಗೂ ನಿಂತಳು. ಕೊನೆಯ ಬಸ್ಸು ಹೊರಡುವ ಹೊತ್ತಾಗಿತ್ತು. ಕೂತು, ಕಂಪ್ಯೂಟರಿನ ಹೊಟ್ಟೆಯೊಳಗೆ ಹೊಕ್ಕು ನೋಡಿದರೆ ಅದೇ ಕಾರ್ಡು, ಅದೇ ದುಬಾಷಿ, ಜೀವಂತ! ಡ್ರೈವರಿನ ಆ ಒಂದು ಕಡತವನ್ನು ಪೆನ್‌ಡ್ರೈವಿಗೆ ಎಳೆದುಕೊಂಡು, ಲಗಮಪ್ಪನ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು, ಬಸ್ಸಿಗೆ ಓಡಿದಳು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕೇಂದ್ರದ ಪೆಟ್ಟಿಗೆ ಆ ದುಬಾಷಿಯ ಮುಖ ನೋಡಿ 'ನೀನು ನಮ್ಮವನಲ್ಲ' ಎಂದುಬಿಟ್ಟಿತು. ಲಿನಕ್ಸ್‌ನ ನಡುವೆ ಒಂದು ತಿರುಳಿರುತ್ತದೆ, ಕರ್ನಲ್ ಎನ್ನುತ್ತಾರೆ. ಪ್ರತಿ ದುಬಾಷಿಯೂ ಒಂದು ತಿರುಳಿಗೆ ಹೊಲಿದ ಅಂಗಿ, ಇನ್ನೊಂದಕ್ಕೆ ಹಿಡಿಸುವುದಿಲ್ಲ. ಡೇರಿಯದು ಹಳೆಯ ತಿರುಳು, ಇಲ್ಲಿಯದು ಹೊಸದು. ಇದು ದಾನಮ್ಮನಿಗೆ ಗೊತ್ತಿಲ್ಲದ್ದಲ್ಲ, ಹೊಸಬರಿಗೆ ತಾನೇ ಕಲಿಸಿದ ಪಾಠ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. ತನ್ನ ಹಣೆಯನ್ನು ತಾನೇ ಬಡಿದುಕೊಂಡಳು. ಬಡಿದ ಸದ್ದೂ ಕೇಳಲಿಲ್ಲ.

ಆ ವಾರ ಮನೆಯಲ್ಲಿ ಮಾತು ಕೈಗೆ ಇಳಿಯಿತು. ಗಂಡ ಈರಬಸಪ್ಪ ಕುಪ್ಪಸದ ಖಣ ನೇಯುವವನು, ಸ್ವತಃ ಒಳಗಿವಿಯವನೇ. ಇಬ್ಬರೂ ಚಿಕ್ಕಂದಿನ ಕೈಭಾಷೆಯನ್ನು ಮತ್ತೆ ತೆಗೆದರು. ಅವನು ಮಗ್ಗದ ಮೇಲೆ ಕೂತಿದ್ದ, ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಲಗೆ ಬಡಿಯುತ್ತಿತ್ತು. ಅವಳಿಗೆ ಆ ಬಡಿತ ನೆಲದಿಂದ ಅಂಗಾಲಿಗೆ ಬರುತ್ತಿತ್ತು, ಕಿವಿಗೆ ಬರಲಿಲ್ಲ. ಕೊನೆಯದೂ ಹೋಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಈರಬಸಪ್ಪ ಮಗ್ಗ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ.

'ಹೊಸ ಕಿವಿ ಹಾಕಿಸಿಕೊಂಡುಬಿಡೋಣವಾ?' ಎಂದ ಕೈಯಲ್ಲಿ. ಅವಳ ಅಳು ನೋಡಲಾರದೆ ಕೇಳಿದ ಮಾತು ಅದು.

'ನೀವು ರಾತ್ರಿ ನನ್ನ ಕಿವಿಯಲ್ಲಿ ಹೇಳೋ ಮಾತು ಮತ್ತೊಬ್ಬನಿಗೆ ಕೇಳಿಸಬೇಕಾ?' ಎಂದಳು.

ಅವನು ತಲೆ ತಗ್ಗಿಸಿದ. ಅವಳು ಕಣ್ಣೊರೆಸಿಕೊಂಡಳು. ದುಃಖದ ಜಾಗದಲ್ಲಿ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಬುದ್ಧಿಯೂ ಬಂತು. ಹೊಸ ತಿರುಳಿಗೆ ಹಳೆಯ ದುಬಾಷಿ ಬೇಡವೇನು? ಹಾಗಾದರೆ ಆ ಹೊಸ ತಿರುಳೇ ನನಗೆ ಬೇಡ! ಡ್ರೈವರನ್ನು ಇಲ್ಲಿಗೆ ಹೊಂದಿಸಲು ಒದ್ದಾಡುವುದೇಕೆ, ಡೇರಿಯ ಹಳೆಯ ತಿರುಳನ್ನೇ ತಂದು ಈ ಪೆಟ್ಟಿಗೆಯಲ್ಲಿ ಕೂರಿಸಿದರಾಯಿತು. ಆದರೆ ಅದನ್ನು ಕೂರಿಸಲು ಅದರ ಕಡತಗಳನ್ನೆಲ್ಲ ಕಟ್ಟಿಟ್ಟ ಪೊಟ್ಟಣ ಬೇಕು, ಆ ಪೊಟ್ಟಣಕ್ಕೆ ಇನ್ನೊಂದು ಪೊಟ್ಟಣ ಬೇಕು, ಕಾರ್ಡಿನ ಹೊಟ್ಟೆಗೆ ಹಾಕುವ ಸಣ್ಣ ಕಡತ ಬೇರೆ ಬೇಕು. ಒಂದು ಬಿಟ್ಟರೂ ಕೆಲಸ ಕೆಟ್ಟಿತು. ಇಂಟರ್ನೆಟ್ಟಿನಿಂದ ಒಮ್ಮೆ ಇಳಿಸಿಕೊಂಡ ಪೊಟ್ಟಣಗಳನ್ನು ಲಿನಕ್ಸ್ ಒಂದು ಮೂಲೆಯಲ್ಲಿ ಹಾಗೇ ಇಟ್ಟಿರುತ್ತದೆ, ಯಾರಾದರೂ ಗುಡಿಸಿ ಚೊಕ್ಕ ಮಾಡುವವರೆಗೆ. ಚೊಕ್ಕ ಮಾಡುವ ಜನ ಎಲ್ಲ ಕಡೆ ಮಾಡಿಬಿಟ್ಟಿದ್ದರು. ಧೋತರವನ್ನೇ ಬದಲಿಸದ ಲಗಮಪ್ಪ ಅದನ್ನೆಲ್ಲಿ ಗುಡಿಸಿರುತ್ತಾನೆ!

ನರಕ ಚತುರ್ದಶಿಯ ಸಂಜೆ ಮತ್ತೆ ಕಲ್ಲದಿನ್ನಿಗೆ ಹೋದಳು. ಡೇರಿಯ ಮುಂದೆ ನಿಶ್ಚಲ್‌ನ ಕಾರು ನಿಂತಿತ್ತು.

ಆದದ್ದಿಷ್ಟು. ಚನಮಲ್ಲಪ್ಪ ಖುಷಿಗೆ ತಮ್ಮನ ಮಗನ ಮುಂದೆ ಡೇರಿಯ ಕಥೆ ಹೇಳಿದ್ದರು. ಆ ಹುಡುಗ ಹುಬ್ಬಳ್ಳಿಯಲ್ಲಿ ಹೊಸ ಕಿವಿ ಹಾಕಿಸಿಕೊಂಡು ಬಂದವನು. ಅವನು ಯಾರಿಗೂ ಏನೂ ಹೇಳಲಿಲ್ಲ, ಪಾಪ. ಹೇಳುವುದು ಬೇಕೇ ಇರಲಿಲ್ಲ. ಅವನ ಕಿವಿ ಕೇಳಿತು, ಕಂಪನಿಯೂ ಕೇಳಿತು. ನಿಶ್ಚಲ್ ಹೊಚ್ಚ ಹೊಸ ಕಂಪ್ಯೂಟರನ್ನು ರಟ್ಟಿನ ಡಬ್ಬಿ ಸಮೇತ ತಂದು ಡೇರಿಯ ಕಟ್ಟೆಯ ಮೇಲೆ ಇಟ್ಟಿದ್ದ. ಹಳೆಯದನ್ನು ಕೊಟ್ಟರೆ ಹೊಸದು ಪುಕ್ಕಟೆ.

ದಾನಮ್ಮನಿಗೆ ಒಂದು ಸದ್ದೂ ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ತುಟಿಗಳನ್ನು ನೋಡಿದಳು. ನಿಶ್ಚಲ್ ಮೂಲೆಯ ಕಡೆ ಕೈ ಮಾಡಿದ. ಲಗಮಪ್ಪ ಅವನನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಅವಳ ಕಣ್ಣು ಯಾವ ಸ್ಥಿತಿಯಲ್ಲಿತ್ತೋ, ಲಗಮಪ್ಪನ ಮುಖ ಕೆಂಪಾಯಿತು. ಎರಡೂ ಕೈ ಅಗಲಿಸಿ ಆ ಒಳ್ಳೆಯ ಅಂಗಿಯ ನಿಶ್ಚಲ್‌ಗೆ ಅಡ್ಡ ನಿಂತ.

"ಹಾಲ ಹಾಕೂ ಹೊತ್ತಿನ್ಯಾಗ ಮಷೀನ್ ಮುಟ್ಟಂಗಿಲ್ಲ!" ಆ ತುಟಿಗಳ ಮೇಲಿನ ಮಾತನ್ನು ಓದಲು ದಾನಮ್ಮನಿಗೆ ಕಷ್ಟವೇ ಆಗಲಿಲ್ಲ. "ಹೊರಗ ನಿಂದ್ರು. ಎಲ್ಲಾರ ಹಾಲ ಮುಗೀಲಿ, ಆಮ್ಯಾಲ ಮಾತಾಡೂಣು."

ಆಮೇಲೆ ಅವಳ ಕಡೆ ತಿರುಗಿ ಗದರಿದ. "ಏ ಯವ್ವಾ, ಲೆಕ್ಕಾ ಬರಿಯಾಕ ಎಷ್ಟೊತ್ತಿಗೆ ಬರೂದು? ಕುಂಡ್ರು, ಲಗೂ ಕುಂಡ್ರು!"

ದಾನಮ್ಮ ಡೇರಿಯ ಗುಮಾಸ್ತೆಯ ಹಾಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಸಾಲಿನಲ್ಲಿದ್ದ ಹೆಂಗಸರಿಗೆ ವಿಷಯ ಹೇಗೆ ತಿಳಿಯಿತೋ ದೇವರೇ ಬಲ್ಲ. ಒಬ್ಬಳು ಹಾಲನ್ನು ಹನಿಹನಿಯಾಗಿ ಸುರಿದಳು. ಇನ್ನೊಬ್ಬಳು ಕೊಬ್ಬಿನಂಶ ಕಡಿಮೆ ತೋರಿಸುತ್ತದೆಂದು ಜಗಳ ತೆಗೆದು ಮತ್ತೆ ಅಳೆಸಿದಳು. ಡೇರಿಯ ಯಂತ್ರದ ಮೇಲೆ ಅಧಿಕಾರವಿಲ್ಲದ ನಿಶ್ಚಲ್ ಹೊರಗೆ ನಿಂತು ಗಡಿಯಾರ ನೋಡಿಕೊಂಡ. ದಾನಮ್ಮ ಲಿನಕ್ಸ್‌ನ ಆ ಮೂಲೆಯ ಪೊಟ್ಟಣಗಳನ್ನೆಲ್ಲ ತೆರೆದಳು. ಇದ್ದವು! ತಿರುಳು, ಅದರ ಜೊತೆಯ ದುಬಾಷಿಗಳ ದಂಡು, ಕಾರ್ಡಿನ ಸಣ್ಣ ಕಡತ, ಒಂದೂ ಕದಲದೆ ಇದ್ದಲ್ಲೇ ಇದ್ದವು. ಈ ಸಲ ಅವಸರ ಮಾಡಲಿಲ್ಲ. ಆವೃತ್ತಿಯ ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ತಾಳೆ ನೋಡಿದಳು. ಒಂದೊಂದು ಪೊಟ್ಟಣವೂ ಯಾವುದನ್ನು ಕೇಳುತ್ತದೆ ಎಂದು ನೋಡಿ, ಅದನ್ನೂ ಎತ್ತಿಕೊಂಡಳು. ಕೊನೆಗೆ ಇಡೀ ಮೂಲೆಯನ್ನೇ ಬಳಿದುಕೊಂಡಳು. ಪೆನ್‌ಡ್ರೈವನ್ನು ಕುಪ್ಪಸದೊಳಗೆ ಸೇರಿಸಿ ನಿಶ್ಚಲ್‌ನ ಪಕ್ಕದಲ್ಲೇ ಹಾದು ಹೊರಟಳು. ಅವನು ಏನೋ ಅಂದ. ಏನೆಂದನೋ, ಅವಳು ತಿರುಗಿ ನೋಡಿದ್ದರೆ ತಾನೇ ಗೊತ್ತಾಗುವುದು!

ಅಮಾವಾಸ್ಯೆಯ ಬೆಳಿಗ್ಗೆ ಕೇಂದ್ರದ ಹಜಾರದಲ್ಲಿ ಹ್ಞಾಂ ಇಲ್ಲ, ಹ್ಞೂಂ ಇಲ್ಲ. ಊರಿನ ಒಳಗಿವಿಯವರೆಲ್ಲ ಬಂದು ಕೂತಿದ್ದರು. ಕೇರೂರು, ಇಳಕಲ್ಲು ಕಡೆಯ ಕೇಂದ್ರದವರೂ ಸುದ್ದಿ ತಿಳಿದು ಬಂದಿದ್ದರು. ಅವರ ಚಾವಿಯ ತಂತ್ರಾಂಶವನ್ನು ಕಂಪನಿ ಅಳಿಸಿದ ಮೇಲೆ, ಅಲ್ಲಿ ಉಳಿದ ಹಳೆಯ ಕಿವಿಗಳು ಗುಳೇದಗುಡ್ಡದ ಹುಣ್ಣಿಮೆಯನ್ನೇ ನೆಚ್ಚಿಕೊಂಡಿದ್ದವು. ಕೈಗಳಷ್ಟೇ ಗಾಳಿಯಲ್ಲಿ ಮಾತಾಡುತ್ತಿದ್ದವು. ದಾನಮ್ಮ ಪೊಟ್ಟಣಗಳನ್ನು ಒಂದರ ಮೇಲೊಂದು ಕೂರಿಸಿದಳು. ಒಂದು ಪೊಟ್ಟಣ ಇನ್ನೊಂದನ್ನು ಕೇಳಿತು, ಅದು ಕೈಯಲ್ಲೇ ಇತ್ತು. ಅದು ಮತ್ತೊಂದನ್ನು ಕೇಳಿತು, ಅದೂ ಇತ್ತು. ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದಳು. ಹಳೆಯ ತಿರುಳೋ ಹೊಸ ತಿರುಳೋ ಎಂದು ಪರದೆ ಕೇಳಿತು. ಹಳೆಯದು ಎಂದಳು.

ಕಾರ್ಡಿನ ಮೇಲಿನ ಹಸಿರು ದೀಪ ಒಮ್ಮೆ ಮಿನುಗಿತು. ಆರಿತು. ಮತ್ತೆ ಮಿನುಗಿತು, ನಿಂತು ಬೆಳಗಿತು.

ಮೊದಲ ಚಾವಿಯನ್ನು ತನ್ನ ಕಿವಿಗೇ ಕೊಟ್ಟುಕೊಂಡಳು. ಕೆಟ್ಟರೆ ತನ್ನದೊಂದು ಕೆಡಲಿ ಎಂದು. ಏನೂ ಆಗಲಿಲ್ಲ. ಒಂದು ಕ್ಷಣ, ಎರಡು ಕ್ಷಣ. ಆಮೇಲೆ ದೂರದಲ್ಲೆಲ್ಲೋ ಮಗ್ಗ ಬಡಿಯಿತು. ಅದರ ಮೇಲೆ ಫ್ಯಾನಿನ ಗುಂಯ್ ಎಂಬ ಸದ್ದು ಬಂದು ಕೂತಿತು. ಆಮೇಲೆ ಬೆನ್ನ ಹಿಂದಿನಿಂದ ಗುರುಬಸವ್ವನ ಬಾಯಿ.

"ಮುಂಜಾನಿಂದ ಕೂಳಿಲ್ಲ ನೀರಿಲ್ಲ, ಹಿಂಗ ಕುಂತ್ರ ಬಿದ್ದ ಸಾಯ್ತಾಳ ಇಕಿ. ಇಕಿಗೆ ಹೇಳೂದು ಒಂದ, ಗ್ವಾಡಿಗೆ ಹೇಳೂದೂ ಒಂದ!"

ದಾನಮ್ಮ ಹಿಂತಿರುಗಿ ನೋಡದೆಯೇ ಹೇಳಿದಳು. "ಕೇಳ್ತು ಅತ್ತಿ. ಉಣ್ತೀನಿ."

ಗುರುಬಸವ್ವ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ದಾನಮ್ಮನೂ ಅತ್ತಳು. ಅಳುವುದು ಕೇಳಿಸುತ್ತಿದ್ದದ್ದಕ್ಕೆ ಇನ್ನಷ್ಟು ಅತ್ತಳು.

ಆಮೇಲೆ ತಡಮಾಡಲಿಲ್ಲ. ಸಾಲು ಸರಸರ ಮುಂದೆ ಸಾಗಿತು. ಈರಬಸಪ್ಪನಿಗೆ ಚಾವಿ ಸಿಕ್ಕಾಗ ಅವನು ಹೆಂಡತಿಯ ಬಳೆಯನ್ನು ಒಮ್ಮೆ ಆಡಿಸಿ ಕೇಳಿದ. ಕೇರೂರಿನವರೂ ಇಳಕಲ್ಲಿನವರೂ ಚಾವಿ ಕೊಡಿಸಿಕೊಂಡು, ಚಾವಿಯ ತಂತ್ರಾಂಶವನ್ನೂ ಆ ಪೊಟ್ಟಣಗಳನ್ನೂ ತಮ್ಮ ಪೆನ್‌ಡ್ರೈವಿಗೆ ತುಂಬಿಕೊಂಡು ಮೊದಲ ಬಸ್ಸಿಗೇ ಹೊರಟರು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಿವಿಗೂ ಚಾವಿ ಬಿತ್ತು. ಯಾರೂ ಮನೆಗೆ ಹೋಗಲಿಲ್ಲ. ಎಲ್ಲರಿಗೂ ಮಾತಾಡುವುದೇ ಒಂದು ಹಬ್ಬ. ಕಲಕಲ ಎಂದು ಗದ್ದಲವೋ ಗದ್ದಲ. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಗದ್ದಲ ತಟಕ್ಕನೆ ನಿಂತಿತು.

ನಿಶ್ಚಲ್ ಒಳಗೆ ಬಂದ. ಒಂದು ಕೈಯಲ್ಲಿ ರೇಡಿಯೋ ಅಲೆ ಹಿಡಿಯುವ ಸಾಧನ, ಇನ್ನೊಂದು ಕೈಯಲ್ಲಿ ನೋಟಿಸು. ಪೆಟ್ಟಿಗೆಯನ್ನು ಜಪ್ತಿ ಮಾಡುವ ನೋಟಿಸು. ಅದಕ್ಕೊಂದು ಕ್ರಮವಿತ್ತು. ಸಹಿಗೆ ಬೆಲೆಯಿಲ್ಲ, ಬಾಯಿಮಾತಿನ ಒಪ್ಪಿಗೆಗೇ ಬೆಲೆ ಎಂದು ಊರೂರಿನ ಮಾತನ್ನೆಲ್ಲ ಕೂಡಿಡುವ ಕಂಪನಿ ತನ್ನ ಅನುಕೂಲಕ್ಕೆ ಕಾಯಿದೆ ಮಾಡಿಸಿಕೊಂಡಿತ್ತು. ನೋಟಿಸನ್ನು ಗಟ್ಟಿಯಾಗಿ ಓದಬೇಕು, ಯಂತ್ರದ ಜವಾಬ್ದಾರಿ ಹೊತ್ತವರು 'ಕೇಳಿದೆ' ಎನ್ನಬೇಕು. ಎನ್ನದಿದ್ದರೆ ಅದು ನೋಟಿಸೇ ಅಲ್ಲ, ಪೆಟ್ಟಿಗೆಗೆ ಕೈ ಹಚ್ಚುವಂತಿಲ್ಲ.

ಅವನು ದಾನಮ್ಮನ ಎದುರು ನಿಂತು ಓದಿದ. ಸ್ಪಷ್ಟವಾಗಿ, ಒಂದಕ್ಷರ ಬಿಡದೆ ಓದಿದ. ಅವಳಿಗೆ ಕಾಗದ ಸರಕ್ಕೆಂದು ಮಡಿಚಿದ್ದೂ ಕೇಳಿತು.

"ಕೇಳಿದೆ ಅಂತ ಹೇಳಿ ಮೇಡಂ."

ದಾನಮ್ಮ ಅವನ ಮುಖ ನೋಡಿದಳು. ನಿಧಾನವಾಗಿ ಬಲಗೈ ಎತ್ತಿ, ಕಿವಿ ಮುಟ್ಟಿ, ಅಂಗೈಯನ್ನು ಬೀಸಿ ತಿರುಗಿಸಿದಳು. ಇಲ್ಲ. ಕೇಳುವುದಿಲ್ಲ.

"ನಾಟಕ ಬೇಡ ಮೇಡಂ! ನಿಮಗೆ ಕೇಳುತ್ತೆ ಅಂತ ನನಗೆ ಗೊತ್ತು. ಸಿಗ್ನಲ್ ಬಂದಿದೆ."

ಅವಳು ಮತ್ತೆ ಅಂಗೈ ಬೀಸಿದಳು. ನಿಶ್ಚಲ್ ಚನಮಲ್ಲಪ್ಪನವರ ಕಡೆ ತಿರುಗಿದ. ಜನ್ಮದಲ್ಲಿ ಬಾಯಿ ಬಿಗಿಹಿಡಿಯದ ಮನುಷ್ಯ ಕಿವಿ ಮುಟ್ಟಿ ಅಂಗೈ ಬೀಸಿದರು. ಈರಬಸಪ್ಪ ಬೀಸಿದ. ಅವನ ಹಿಂದಿನವಳು ಬೀಸಿದಳು, ಅವಳ ಹಿಂದಿನವನು ಬೀಸಿದ. ಹಜಾರದ ತುಂಬ ಕೈಗಳೇ ಕೈಗಳು. ಅವನಿಗೆ ಉಳಿದದ್ದು ಗೋಡೆಗೊರಗಿ ಕೂತಿದ್ದ ಮುದುಕಿಯೊಬ್ಬಳು.

"ಅಜ್ಜಿ, ನಿಮ್ಮದು ಹುಟ್ಟಿದ ಕಿವಿ. ನಿಮಗಾದ್ರೂ ಕೇಳುತ್ತಲ್ಲ? ಹೇಳಿ ಇವರಿಗೆ!"

ಗುರುಬಸವ್ವ ಕಿವಿಯ ಹಿಂದೆ ಕೈ ಇಟ್ಟು ಮುಂದೆ ಬಾಗಿದಳು. "ಆಂ? ಏನಂತೀಯಪಾ? ವಯಸ್ಸಾತು ನೋಡು, ಒಂದೂ ತಿಳೀವಲ್ದು."

ನಿಶ್ಚಲ್ ಅರಚಿದ. ಹಜಾರದ ಗೋಡೆಗಳು ಮಾರುತ್ತರ ಕೊಟ್ಟವು, ಮನುಷ್ಯರು ಕೊಡಲಿಲ್ಲ. ದಾನಮ್ಮ ಮೇಜಿನ ಮೇಲಿಂದ ಹುಣ್ಣಿಮೆ ಕಳೆದ ಮೇಲೆ ಕಂಪನಿಯೇ ಊರಿಗೆಲ್ಲ ಹಂಚಿದ್ದ ಒಂದು ಪ್ರಕಟಣೆ ಎತ್ತಿ ಅವನ ಕೈಗೆ ಕೊಟ್ಟಳು. ಈ ಅಮಾವಾಸ್ಯೆಯಿಂದ ಗುಳೇದಗುಡ್ಡದ ಹಳೆಯ ಕಿವಿಗಳು ಕೆಲಸ ಮಾಡುವುದಿಲ್ಲ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ನಿಶ್ಚಲ್‌ನದೇ ಹೆಸರು.

ಅವನು ಅದನ್ನು ಓದಿದ. ಸುತ್ತಲೂ ನೋಡಿದ. ಅಷ್ಟು ಮುಖಗಳಲ್ಲಿ ಒಂದಾದರೂ ನಗುತ್ತದೇನೋ ಎಂದು ಕಾದ. ಒಂದೂ ನಗಲಿಲ್ಲ. ನೋಟಿಸನ್ನು ಜೇಬಿಗೆ ತುರುಕಿಕೊಂಡು ದಡದಡ ಹೊರಗೆ ನಡೆದ.

ಕಾರಿನ ಬಾಗಿಲು ಧಡ್ ಎಂದಿತು. ಎಂಜಿನ್ನು ಎದ್ದಿತು. ಕಾರು ಮಗ್ಗದ ಓಣಿ ದಾಟಿ, ಬಸ್ ಸ್ಟ್ಯಾಂಡು ದಾಟಿ, ಬಾದಾಮಿಯ ರಸ್ತೆಗೆ ಬಿತ್ತು. ಅದರ ಸದ್ದು ಪೂರ್ತಿ ಅಡಗುವವರೆಗೂ ಹಜಾರದಲ್ಲಿದ್ದವರೆಲ್ಲ ಕಿವಿಗೊಟ್ಟು ಕೇಳಿದರು.